ಬಂದವರು ಮತ್ತು ಇನ್ನೂ ಬಾರದವರು



ಈ ಪುಟಗಳಲ್ಲಿ ಧಾರಣೆ, ಗೊಬ್ಬರ, ಕಾಯಿಕೊರಕ, ಕೊಳೆರೋಗಗಳ ವಿಚಾರ ಬರುವುದು ವಾಡಿಕೆ. ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ. ಸೈನ್ಯಕ್ಕೆ ಮಗನನ್ನು ಕಳುಹಿಸಿದ ಒಂದು ಮನೆಯಾದರೂ ಇಲ್ಲದ ಊರು ನಮ್ಮ ಕಡೆ ಅಪರೂಪ. ಆದ್ದರಿಂದ ಇದು ಸಂಘಕ್ಕೆ ಸಂಬಂಧಿಸದ ವಿಷಯವೆಂದು ಯಾರೂ ಭಾವಿಸಲಾರರೆಂದು ನಂಬಿದ್ದೇನೆ.

1968ರ ಫೆಬ್ರವರಿ 7ರಂದು ವಾಯುಪಡೆಯ ಆಂಟನೋವ್ ವಿಮಾನವೊಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟಿತು. ಹವೆ ಕೆಟ್ಟಿದ್ದರಿಂದ ಹಿಂದಿರುಗುವಾಗ ರೋಹ್ತಾಂಗ್ ಕಣಿವೆಯ ಆಸುಪಾಸಿನಲ್ಲಿ ಕಣ್ಮರೆಯಾಯಿತು. ಮೂವತ್ತೈದು ವರ್ಷಗಳ ಕಾಲ ಅದರ ಸುಳಿವೇ ಇರಲಿಲ್ಲ. 2003ರಲ್ಲಿ ಪರ್ವತಾರೋಹಿಗಳ ತಂಡವೊಂದಕ್ಕೆ ಹಿಮನದಿಯ ಮೇಲೆ ಅವಶೇಷ ಕಂಡಿತು. ಆ ಬಳಿಕ ಸೈನ್ಯದ ಡೋಗ್ರಾ ಸ್ಕೌಟ್ಸ್ ಪಡೆಯವರು ಹಲವು ಬಾರಿ ಏರಿ ಹೋಗಿ ಹುಡುಕಿದರು. 2019ರ ವೇಳೆಗೆ ಸಿಕ್ಕಿದ್ದು ಐದು ದೇಹಗಳು ಮಾತ್ರ. 2024ರ ಸೆಪ್ಟೆಂಬರ್ ಕೊನೆಗೆ ಇನ್ನೂ ನಾಲ್ಕು ದೊರೆತವು. ಅವುಗಳಲ್ಲಿ ಒಂದು ಕೇರಳದ ಪತ್ತನಂತಿಟ್ಟ ಜಿಲ್ಲೆಯ ಇಲಂತೂರಿನ ಥಾಮಸ್ ಚೆರಿಯನ್ ಅವರದು. ಅಕ್ಟೋಬರ್ ಮೊದಲ ವಾರದಲ್ಲಿ ಅವರನ್ನು ಸೈನಿಕ ಗೌರವದೊಂದಿಗೆ ತಮ್ಮೂರಿನ ಇಗರ್ಜಿಯಲ್ಲಿ ಮಣ್ಣು ಮಾಡಲಾಯಿತು. ಕಾಣೆಯಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಮನೆಗೆ ಬರುವ ಹೊತ್ತಿಗೆ 56 ವರ್ಷ ಕಳೆದು, ಕಾದಿದ್ದ ತಂದೆತಾಯಿ ತೀರಿಕೊಂಡಿದ್ದರು.

ಇದಕ್ಕೆ ಎರಡು ವರ್ಷ ಮೊದಲು, 2022ರ ಆಗಸ್ಟಿನಲ್ಲಿ, ಸಿಯಾಚಿನ್‌ನಲ್ಲಿ ಲಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿತು. 1984ರ ಮೇ ತಿಂಗಳಲ್ಲಿ ಹಿಮಕುಸಿತಕ್ಕೆ ಸಿಲುಕಿದ್ದ ಅವರ ಗುರುತು ಹಿಡಿಯಲು ನೆರವಾದದ್ದು ಸೈನ್ಯದ ಸಂಖ್ಯೆ ಕೊರೆದಿದ್ದ ಒಂದು ಸಣ್ಣ ಬಿಲ್ಲೆ. ಮೂವತ್ತೆಂಟು ವರ್ಷಗಳ ನಂತರ ಹಲ್ದ್ವಾನಿಯಲ್ಲಿ ಅಂತ್ಯಸಂಸ್ಕಾರ ನಡೆಯಿತು.

ಇಷ್ಟು ವರ್ಷಗಳಾದ ಮೇಲೆ ಎಲುಬು ತರುವುದಕ್ಕೆ ಬದುಕಿರುವವರನ್ನು ಅಪಾಯಕ್ಕೆ ಒಡ್ಡಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಒಂದು ದೇಹಕ್ಕಾಗಿ ಇನ್ನೊಂದು ಮನೆಯ ದೀಪ ಆರಬಾರದು. ಆದರೆ ಹವೆ ನೋಡಿ, ತರಬೇತಿ ಪಡೆದವರನ್ನೇ ಕಳುಹಿಸಿ ಹುಡುಕುವುದು ದುಂದು ಎಂದು ನಾನು ಒಪ್ಪಲಾರೆ. ಸತ್ತವನ ಮನೆಯಲ್ಲಿ ಅಳುವಿಗೆ ಒಂದು ದಿನವಿದೆ, ತಿಥಿಗೆ ಒಂದು ದಿನವಿದೆ. ಕಾಣೆಯಾದವನ ಮನೆಯಲ್ಲಿ ಎರಡೂ ಇಲ್ಲ. ಕೊಡಗಿನಲ್ಲಿ ಮರಣವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ಕಾಣೆಯಾದವನಿಗೆ ಆ ಗುಂಡನ್ನು ಯಾವ ದಿನ ಹಾರಿಸಬೇಕು?

ನಮ್ಮವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ವಿಚಾರವನ್ನು ಇಲ್ಲಿ ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದ ಅವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಅವರು ಹೊಡೆದುರುಳಿಸಿದ್ದರೆಂಬುದು ಇಲ್ಲಿಯವರಿಗೆ ತಿಳಿದಿರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನ ಪುಸ್ತಕದಿಂದ ವಿಷಯ ಹೊರಬಿತ್ತು. ಅಂದು ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ಅದನ್ನು ವಾಯುಪಡೆಯ ಗಮನಕ್ಕೆ ತಂದು ಪಟ್ಟು ಹಿಡಿದರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ, ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ದೇಹ ಮಾತ್ರ ಅವರು ಬಿದ್ದ ನಾಡಿನ ಮಣ್ಣಿನಲ್ಲೇ ಉಳಿದಿದೆ. ಜೊತೆಗಾರನೊಬ್ಬ ಸುಮ್ಮನಾಗದೆ ಇದ್ದುದರಿಂದಲೇ ಈ ಗೌರವವಾದರೂ ಮನೆಗೆ ಬಂತು ಎಂಬುದನ್ನು ಗಮನಿಸಬೇಕು.

ನಾನು ಹೇಳಬೇಕೆಂದಿರುವುದೂ ಇದನ್ನೇ. ಶವಪೆಟ್ಟಿಗೆ ಬಂದ ದಿನ ಹೂವಿನ ಹಾರಕ್ಕೆ ಕೊರತೆಯಾಗುವುದಿಲ್ಲ. ಅಧಿಕಾರಿಗಳು ಬರುತ್ತಾರೆ, ಶಾಲೆಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಅದು ಆಗಲೇಬೇಕು. ಆದರೆ ನಿಜವಾದ ಗೌರವ ಪೆಟ್ಟಿಗೆ ಬಾರದ ವರ್ಷಗಳಲ್ಲಿ ಸಲ್ಲಬೇಕಾದದ್ದು. 1968ರ ಆ ವಿಮಾನದಲ್ಲಿದ್ದವರಲ್ಲಿ 2024ರ ಶೋಧ ಮುಗಿದಾಗ ಸಿಕ್ಕಿದ್ದವರು ಒಂಬತ್ತೇ ಮಂದಿ. ಉಳಿದ 93 ಮನೆಗಳಿಗೆ ಮೆರವಣಿಗೆಯ ದಿನ ಬರಲೇ ಇಲ್ಲ. ಆ ಮನೆಗಳಿಗೆ ಆಸರೆಯಾಗಿದ್ದರೆ ಅದು ನೆರೆಹೊರೆಯವರೇ.

ನಮ್ಮಂಥವರ ಮನೆಗಳಲ್ಲಿ ದುಃಖದ ಹಿಂದೆಯೇ ಕಾಗದಪತ್ರದ ಕಷ್ಟ ಬರುತ್ತದೆ. ಪಹಣಿ ಗಂಡನ ಹೆಸರಿನಲ್ಲಿ, ಬೆಳೆ ಸಾಲ ಅವನ ಹೆಸರಿನಲ್ಲಿ, ಸಂಘದ ಷೇರೂ ಅವನ ಹೆಸರಿನಲ್ಲಿ. ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕೆಂಬ ನಿಯಮ ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸದರಲ್ಲೂ ಇದೆ. ಸೈನಿಕರ ವಿಷಯದಲ್ಲಿ ಸೇನೆಯೇ ವಿಚಾರಣೆ ನಡೆಸಿ ಮೃತರೆಂದು ಘೋಷಿಸುವುದೂ ಉಂಟು. ಆದರೂ ಅಷ್ಟರವರೆಗೆ ಕಾಫಿ ಹಣ್ಣಾಗುವುದು ನಿಲ್ಲುವುದಿಲ್ಲ, ಸಾಲದ ವಾಯಿದೆಯೂ ನಿಲ್ಲುವುದಿಲ್ಲ.

ಆದಕಾರಣ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಾಲ್ಕು ಸಲಹೆಗಳನ್ನು ಮಂಡಿಸಲಿದ್ದೇನೆ. ಮೊದಲನೆಯದಾಗಿ, ಸೇನೆಯಲ್ಲಿರುವ ಹಾಗೂ ಇದ್ದ ಸದಸ್ಯರ ಮತ್ತು ಅವರ ಮಕ್ಕಳ ಪಟ್ಟಿಯನ್ನು ಸಂಘದಲ್ಲಿ ಇಡುವುದು. ಎರಡನೆಯದಾಗಿ, ರಜೆಯಲ್ಲಿ ಬಂದ ಸೈನಿಕ ಸದಸ್ಯರು ಹಿಂದಿರುಗುವ ಮೊದಲು ತಮ್ಮ ಷೇರು, ಠೇವಣಿಗಳ ನಾಮಿನಿ ಹೆಸರನ್ನು ಸರಿಪಡಿಸಿಕೊಳ್ಳುವಂತೆ ನೋಡಿಕೊಳ್ಳುವುದು. ಮೂರನೆಯದಾಗಿ, ಅಂಥ ಮನೆಯ ಸಾಲ ಬಾಕಿ ಬಿದ್ದಲ್ಲಿ ಆಡಳಿತ ಮಂಡಳಿ ವಿಚಾರಿಸದೆ ವಸೂಲಿ ನೋಟೀಸು ಕಳುಹಿಸದಿರುವುದು. ನಾಲ್ಕನೆಯದಾಗಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ, ತಾಲ್ಲೂಕು ಕಚೇರಿಗೆ ಆ ಮನೆಯವರು ಅಲೆಯಬೇಕಾದಾಗ ನಮ್ಮಲ್ಲೊಬ್ಬರು ಜೊತೆಗೆ ಹೋಗುವುದು. ಇದಕ್ಕೆ ದೊಡ್ಡ ಹಣ ಬೇಡ. ಒಂದು ದಫ್ತರವೂ ಸ್ವಲ್ಪ ಓಡಾಟವೂ ಸಾಕು.

ಅರ್ಧ ಶತಮಾನ ಕಳೆದರೂ ತನ್ನವರನ್ನು ಹುಡುಕುವುದನ್ನು ಸೈನ್ಯ ಬಿಡಲಿಲ್ಲ. ಕೊಯ್ಲಿನ ಕಾಲಕ್ಕೆ ಆಳು ಸಿಗದೆ ಒಬ್ಬಂಟಿಯಾಗಿ ತೋಟದಲ್ಲಿ ನಿಂತಿರುವ ಹೆಣ್ಣುಮಗಳನ್ನು ಊರಿನವರಾದ ನಾವು ಮರೆಯದಿದ್ದರೆ ಸಾಕು. ಸದಸ್ಯ ಬಂಧುಗಳು ಮಹಾಸಭೆಗೆ ತಪ್ಪದೆ ಬಂದು, ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

— ಕಾರ್ಯದರ್ಶಿ