ಮೊಲಕ್ಕೆ ಗೊಟ್ಟ ಬೇಡ

ಸಾಕಿದ ಮೊಲಕ್ಕೆ ಕಹಿ ಔಷಧ ಕುಡಿಸುವ ವಿಷಯದಲ್ಲಿ ನಮ್ಮ ಪಟ್ಟಣಗಳ ಗೃಹಸ್ಥರಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ಹಿಡಿಯುವುದು, ಅಂಗಾತ ಮಲಗಿಸುವುದು, ಬಾಯಿ ತೆರೆಸಿ ಹುಯ್ದುಬಿಡುವುದು. ಅಂಗೈಯಗಲದ ಪ್ರಾಣಿಗೆ ಇದಕ್ಕಿಂತ ಹೆಚ್ಚಿನ ಉಪಚಾರವೇಕೆ? ಇದು ತಪ್ಪು, ಬರಿಯ ತಪ್ಪಲ್ಲ, ಮೊಲದ ಪ್ರಾಣಕ್ಕೇ ಎರವಾಗುವ ತಪ್ಪು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಲೋಕದಲ್ಲಿ ಎಂದೂ ಇದ್ದಾರೆ. ಅಂಥವರ ಕೈಗೆ ನಿಜವಾದ ಮೊಲವೇ ಸಿಕ್ಕಿಬಿಟ್ಟರೆ ಮಾತು ಗಾದೆಯಲ್ಲಿ ನಿಲ್ಲುವುದಿಲ್ಲ.

ಈ ಅಭಿಪ್ರಾಯದ ಮೂಲವನ್ನು ದೂರ ಹುಡುಕಬೇಕಾಗಿಲ್ಲ. ಹಳ್ಳಿಯಲ್ಲಿ ದನಕರುಗಳಿಗೆ ಮದ್ದು ಕುಡಿಸಲು ಬಿದಿರಿನ ಗೊಟ್ಟ ಇತ್ತು. ಮನೆಯೊಳಗೆ ಮಗುವಿಗೆ ಹರಳೆಣ್ಣೆ ಹಾಕಲು ಒಳಲೆ ಇತ್ತು. ಮೂತಿ ಎತ್ತಿ ಹಿಡಿದರೆ ಎತ್ತು ನುಂಗುತ್ತಿತ್ತು, ಕಾಲ ಮೇಲೆ ಮಲಗಿಸಿಕೊಂಡರೆ ಕೂಸು ನುಂಗುತ್ತಿತ್ತು. (ಗೊಟ್ಟದ ಮದ್ದು ಶ್ವಾಸಕೋಶಕ್ಕೆ ಇಳಿದರೆ ಎತ್ತೂ ಉಳಿಯುವುದು ಕಷ್ಟ, ಆ ಮಾತನ್ನು ಪರಂಪರೆಯ ಅಭಿಮಾನಿಗಳು ಎತ್ತುವುದಿಲ್ಲ.) ಗೊಟ್ಟವನ್ನೂ ಒಳಲೆಯನ್ನೂ ಊರಿನಲ್ಲಿಯೇ ಬಿಟ್ಟು ಬಂದ ನಾವು, ಅವುಗಳ ಹಿಂದಿದ್ದ ನಂಬಿಕೆಯನ್ನು ಮಾತ್ರ ಮೂರನೆಯ ಮಹಡಿಯ ಫ್ಲಾಟಿನವರೆಗೂ ಹೊತ್ತು ತಂದಿದ್ದೇವೆ.

ಮೊಲವೆಂದರೆ ಪುಟ್ಟ ಎತ್ತಲ್ಲ, ಕಿವಿ ಬೆಳೆದ ಕೂಸೂ ಅಲ್ಲ. ಅದು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ತಲೆಯನ್ನು ಹಿಂದಕ್ಕೆ ಬಾಗಿಸಿ ಒಂದೇ ಸಲಕ್ಕೆ ಹುಯ್ದ ಔಷಧ ಅನ್ನನಾಳವನ್ನು ಬಿಟ್ಟು ಶ್ವಾಸನಾಳವನ್ನು ಹಿಡಿಯಲು ತಡವಾಗುವುದಿಲ್ಲ. ಮೇಲಾಗಿ ಅದಕ್ಕೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಹೋದಂತೆಯೇ. ಅದರ ಎಲುಬು ಎಷ್ಟು ಹಗುರವೆಂದರೆ, ಅಸ್ಥಿಪಂಜರದ ತೂಕ ಇಡೀ ದೇಹದ ತೂಕದಲ್ಲಿ ಸುಮಾರು ಶೇಕಡಾ 8ರಷ್ಟು ಮಾತ್ರ. ಹಿಂಗಾಲುಗಳ ಸ್ನಾಯುವಾದರೋ ಮಹಾಬಲದ್ದು. ಹಿಂಭಾಗಕ್ಕೆ ಆಧಾರವಿಲ್ಲದೆ ಎತ್ತಿ ಹಿಡಿದಾಗ ಬೆದರಿದ ಮೊಲ ಒಮ್ಮೆ ಝಾಡಿಸಿ ಒದ್ದರೆ ಸೊಂಟದ ಭಾಗದಲ್ಲಿ ಅದರ ಬೆನ್ನೆಲುಬೇ ಮುರಿಯಬಹುದು. ಔಷಧ ಕುಡಿಸಲು ಹೋದವರು ಕಾಲು ಸ್ವಾಧೀನ ತಪ್ಪಿದ ಮೊಲವನ್ನು ಎತ್ತಿಕೊಂಡು ಮತ್ತೆ ವೈದ್ಯರಲ್ಲಿಗೆ ಓಡಬೇಕಾಗುತ್ತದೆ. ತಮ್ಮ ಬಲದಿಂದಲೇ ತಮ್ಮ ಬೆನ್ನು ಮುರಿದುಕೊಳ್ಳುವ ಪ್ರಾಣಿಯ ಎದುರಿಗೆ ನಾವು ಬಲಪ್ರದರ್ಶನ ಮಾಡುವುದೆಂದರೆ ಏನು ಹೇಳೋಣ!

"ಅಂಗಾತ ಮಲಗಿಸಿದರೆ ಸುಮ್ಮನೆ ಬಿದ್ದಿರುತ್ತದಲ್ಲ, ಸುಖವಾಗಿಯೇ ಇರಬೇಕು" ಎಂಬುದು ಎದುರು ಪಕ್ಷದವರ ದೊಡ್ಡ ಆಧಾರ. ಸುಖವಲ್ಲ ಸ್ವಾಮೀ, ಭಯ. ಬೇಟೆಗೆ ಸಿಕ್ಕಿದ ಪ್ರಾಣಿ ಕೊನೆಯ ಉಪಾಯವೆಂದು ಸತ್ತಂತೆ ಬಿದ್ದುಕೊಳ್ಳುತ್ತದೆ. ಒಳಗೆ ಅದು ಎಚ್ಚರವಾಗಿಯೇ ಇರುತ್ತದೆ. ನರಿಯ ಬಾಯಲ್ಲಿ ತೋರಿಸುವ ಮೌನವನ್ನೇ ನಮ್ಮ ತೊಡೆಯ ಮೇಲೂ ತೋರಿಸಿದರೆ, ಅದನ್ನು ಪ್ರೀತಿಯೆಂದು ತಿಳಿಯುವುದು ನಮ್ಮ ಜಂಬ.

ಇನ್ನೊಂದು ವರ್ಗ ಬಲವನ್ನು ಒಪ್ಪುವುದಿಲ್ಲ. ಅವರದು ಜಾಣತನದ ಮಾರ್ಗ. ಕುಡಿಯುವ ನೀರಿನಲ್ಲಿ ಔಷಧ ಬೆರೆಸಿಟ್ಟು ಕಚೇರಿಗೆ ಹೋಗುತ್ತಾರೆ. ಎಷ್ಟು ಕುಡಿಯಿತು, ಎಷ್ಟು ಬಿಟ್ಟಿತು, ಯಾರು ಬಲ್ಲರು? ಕಹಿ ತಿಳಿದ ಮೊಲ ನೀರನ್ನೇ ಬಿಡುತ್ತದೆ. ನೀರು ಬಿಟ್ಟ ಮೊಲ ಹುಲ್ಲನ್ನೂ ಬಿಡುತ್ತದೆ. "ಹಸಿವಾದರೆ ತಾನಾಗಿ ತಿನ್ನುತ್ತದೆ" ಎಂದು ಮೇವು ತಡೆಯುವ ಹಟವಾದಿಗಳೂ ಇದ್ದಾರೆ. ಮೊಲದ ಕರುಳು ಸದಾ ಚಲಿಸುತ್ತಿರಬೇಕಾದ ಯಂತ್ರ. ಅರ್ಧ ದಿನ ಅದರ ಬಾಯಾಡದಿದ್ದರೆ, ಹಿಕ್ಕೆ ಬೀಳದಿದ್ದರೆ, ಅದು ಹಟವೆಂದು ಕಾಯುತ್ತ ಕೂರುವ ಪ್ರಸಂಗವಲ್ಲ. ವೈದ್ಯರಲ್ಲಿಗೆ ಒಯ್ಯುವ ಪ್ರಸಂಗ.

ಎಲ್ಲಕ್ಕಿಂತ ಭಯಂಕರವಾದದ್ದು ದಯಾಳುಗಳ ಮಾರ್ಗ. ವೈದ್ಯರು ಕೊಟ್ಟದ್ದು ಕಹಿ. ಮಗುವಿಗೆ ತಂದ ಗುಲಾಬಿ ಬಣ್ಣದ ಸಿಹಿ ಸಿರಪ್ಪು ಕಪಾಟಿನಲ್ಲಿ ಇದ್ದೇ ಇದೆ. ಎರಡೂ ರೋಗಾಣುವಿನ ಔಷಧವೇ ತಾನೆ? ಆ ಸಿಹಿ ಸಿರಪ್ಪು ಅಮಾಕ್ಸಿಸಿಲಿನ್ ಆಗಿದ್ದರೆ ಮೊಲಕ್ಕೆ ಅದು ವಿಷ. ಪೆನಿಸಿಲಿನ್ ಜಾತಿಯ ಔಷಧಗಳು, ಕ್ಲಿಂಡಮೈಸಿನ್, ಲಿಂಕೊಮೈಸಿನ್ ಇವು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನಲ್ಲಿರುವ ಉಪಕಾರಿ ಜೀವಾಣುಗಳನ್ನು ಕೊಂದುಹಾಕುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ದುಷ್ಟ ಜಾತಿ ಬೆಳೆದು ನಂಜು ಉಗುಳುತ್ತದೆ. ಭೇದಿಯಾಗಿ ಮೊಲ ಸಾಯುತ್ತದೆ. ವೈದ್ಯರು ಬರೆದುಕೊಟ್ಟ ಎನ್ರೋಫ್ಲಾಕ್ಸಸಿನ್ ಕಹಿಯೆಂಬುದು ನಿಜ. ಆದರೆ ಕಹಿಯನ್ನು ತಪ್ಪಿಸಲು ಮದ್ದನ್ನೇ ಬದಲಾಯಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಹಾಗಾದರೆ ಮಾಡತಕ್ಕದ್ದೇನು? ನನ್ನದು ಅಹಿಂಸಾವ್ರತದ ಉಪದೇಶವಲ್ಲ, ಹಿಡಿಯಲೇಬೇಕು. ಹಿಡಿತ ಬೇರೆ, ಬಲಾತ್ಕಾರ ಬೇರೆ. ಮೇಜಿನ ಮೇಲಲ್ಲ, ನೆಲದ ಮೇಲೆ ಕುಳಿತುಕೊಳ್ಳಿ. ಜಿಗಿದರೂ ಬೀಳುವ ಭಯವಿಲ್ಲ. ಒಂದು ಟವಲಿನಲ್ಲಿ, ಬಾಣಂತಿ ಮನೆಯ ಕೂಸನ್ನು ಸುತ್ತುವಂತೆ, ನಾಲ್ಕು ಕಾಲೂ ಒಳಗಿರುವ ಹಾಗೆ ಮೊಲವನ್ನು ಸುತ್ತಿ, ಮೂತಿ ಮಾತ್ರ ಹೊರಗಿಡಿ; ಹೊಟ್ಟೆ ಕೆಳಗೇ ಇರಲಿ. ಸೂಜಿ ತೆಗೆದ 1 ಮಿಲಿಯ ಸಿರಿಂಜಿನ ತುದಿಗೆ ನುರಿದ ಏಲಕ್ಕಿ ಬಾಳೆಯನ್ನು ಸವರಿ. ಮೊಲದ ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ತೆರವೊಂದಿದೆ. ಸೃಷ್ಟಿಕರ್ತ ನಮಗೆಂದೇ ಬಿಟ್ಟ ಬಾಗಿಲೋ ಎಂಬಂತಿದೆ. ಬಾಯ ಪಕ್ಕದಿಂದ ಅಲ್ಲಿಗೆ ತುದಿಯಿಟ್ಟು, ಗಂಟಲ ಕಡೆಗಲ್ಲ, ನಾಲಗೆಗೆ ಅಡ್ಡಲಾಗಿ ಕಾಲು ಮಿಲಿಯಷ್ಟು ಬಿಡಿ. ದವಡೆ ಆಡಿತೇ? ನುಂಗಿತೇ? ಆಮೇಲೆ ಇನ್ನು ಕಾಲು ಮಿಲಿ. ಮುಗಿದ ಮೇಲೆ ಒಂದೆಸಳು ಕೊತ್ತಂಬರಿ ಸೊಪ್ಪು. ಬಾಳೆಹಣ್ಣು ಧಾರಾಳ ಬೇಡ; ಹೆಚ್ಚು ಸಕ್ಕರೆ ಆ ಕರುಳಿಗೆ ಒಗ್ಗದು. ಔಷಧವನ್ನು ಹಣ್ಣಿನಲ್ಲಿಯೇ ಕಲಸಿಕೊಡಬಹುದೇ ಎಂಬುದನ್ನು ವೈದ್ಯರನ್ನು ಕೇಳಿ ತಿಳಿಯಬೇಕು. ಮೊಲ ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ಖಾಲಿ ಸಿರಿಂಜಿಗೆ ಬಾಳೆ ಸವರಿ ನೆಕ್ಕಿಸಿದ್ದರೆ ಕಾಯಿಲೆಯ ದಿನ ಅರ್ಧ ಕೆಲಸ ಮುಗಿದಂತೆಯೇ.

ಇಷ್ಟಕ್ಕೆಲ್ಲ ಪುರಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಮಗಳ ಹುಟ್ಟುಹಬ್ಬಕ್ಕೆ ಮೊಲ ಕೊಳ್ಳಲು ಪುರಸೊತ್ತಿದ್ದವರಿಗೆ ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಇಲ್ಲವೆಂದರೆ ನಾನು ಒಪ್ಪಲಾರೆ. ಚೆನ್ನಾಗಿ ಸಾಕಿದ ಮೊಲ ಎಂಟು ಹತ್ತು ವರ್ಷ ಬಾಳುತ್ತದೆ. ಅಷ್ಟು ವರ್ಷ ಕಾಯಿಲೆ ಬಾರದಿರಲೆಂದು ಯಾವ ಅಂಗಡಿಯವನೂ ಪತ್ರ ಬರೆದುಕೊಡುವುದಿಲ್ಲ.

ವೈದ್ಯರ ಮೇಲೂ ನನ್ನದೊಂದು ದೂರಿದೆ. ಸೀಸೆ ಕೈಗಿತ್ತು "ದಿನಕ್ಕೆ ಎರಡು ಸಲ, ಏಳು ದಿನ" ಎಂದು ಹೇಳಿ ಮುಂದಿನವರನ್ನು ಕರೆಯುವವರು ಬಹಳ. ಕುಡಿಸುವ ಬಗೆಯನ್ನು ತೋರಿಸದೆ ಕೊಟ್ಟ ಔಷಧ ಅರ್ಧ ಗೋಡೆಗೆ, ಅರ್ಧ ಟವಲಿಗೆ. ಆದ್ದರಿಂದ ಮೊಲವನ್ನು ಒಯ್ದವರು ಸಂಕೋಚ ಬಿಟ್ಟು ಕೇಳಬೇಕು: ಮೊದಲ ಸಲದ್ದನ್ನು ಇಲ್ಲಿಯೇ, ನಿಮ್ಮ ಕೈಯಾರೆ ಕುಡಿಸಿ ತೋರಿಸಿ, ಎರಡನೆಯದನ್ನು ನಾನು ಕುಡಿಸುವುದು ಹೇಗೆಂದು ನೋಡಿ ತಿದ್ದಿ, ಇಷ್ಟಾದರೂ ಮೊಲ ಒಪ್ಪದಿದ್ದರೆ ಇದನ್ನೇ ಚುಚ್ಚುಮದ್ದಾಗಿ ಕೊಡಲು ಬರುತ್ತದೆಯೇ ಹೇಳಿ. ಹೊರಗೆ ಸಾಲಿನಲ್ಲಿ ಎಷ್ಟು ನಾಯಿಗಳು ಬೊಗಳುತ್ತಿದ್ದರೂ ಸರಿಯೆ, ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬಾರದು.