‘ಎಂಟಿಐ’ ಎಂಬ ಷರಾ

ಕಳೆದ ತಿಂಗಳು ನಮ್ಮ ಸಂಜೆ ಕ್ಲಾಸಿನ ಹುಡುಗಿಯೊಬ್ಬಳು ಕಾಲ್ ಸೆಂಟರ್ ಸಂದರ್ಶನಕ್ಕೆ ಹೋಗಿಬಂದಳು. ವ್ಯಾಕರಣ ಸರಿಯಿತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಳು. ಆದರೂ ಆಯ್ಕೆಯಾಗಲಿಲ್ಲ. ಕಾರಣ ಕೇಳಿದರೆ ಅಲ್ಲಿನವರು ಹೇಳಿದ್ದು ಒಂದೇ ಮಾತು: ಎಂಟಿಐ. ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ತಾಯ್ನುಡಿಯ ಪ್ರಭಾವ. ‘ಸರ್, ಇದಕ್ಕೆ ಏನಾದ್ರೂ ಔಷಧ ಇದೆಯಾ?’ ಎಂದು ಅವಳು ನಗುತ್ತಲೇ ಕೇಳಿದಳು. ನನಗೆ ನಗು ಬರಲಿಲ್ಲ.

ಬೆಂಗಳೂರಿನಲ್ಲಿ ದುಡಿಯುವವರಿಗೆ ಎರಡು ವರ್ಷದಿಂದ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಮೊದಮೊದಲು ನಾನೂ ಅದನ್ನು ಕಾಯಿಲೆ ಎಂದೇ ನೋಡಿದವನು. ‘ಎಗ್’ ಹೋಗಿ ‘ಯೆಗ್’ ಆಗಬಾರದು, ‘ಬಸ್’ ಕೊನೆಗೆ ‘ಉ’ ಸೇರಬಾರದು, ‘ಥಿಂಕ್’ ಅನ್ನುವಾಗ ನಾಲಿಗೆ ಹಲ್ಲುಗಳ ನಡುವೆ ಇರಬೇಕು ಎಂದು ಮೂವತ್ತು ದಾಟಿದವರನ್ನು ವಾರಗಟ್ಟಲೆ ಗೋಳುಹೊಯ್ದುಕೊಂಡಿದ್ದೇನೆ. ಚೆನ್ನಾಗಿ ಮಾತಾಡುತ್ತಿದ್ದವರೂ ಬಾಯಿ ಬಿಡಲು ಹೆದರಿದ್ದೊಂದೇ ಬಂದ ಫಲ.

ಬೇರೆ ಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವ ಉಚ್ಚಾರ ತಪ್ಪಿದರೆ ನಿಜಕ್ಕೂ ಅರ್ಥ ಕೆಡುತ್ತದೆ? ಬ್ರಿಟಿಷ್ ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ನೇ ಇಸವಿಯಲ್ಲಿ ಇದರದ್ದೊಂದು ಪಟ್ಟಿ ಮುಂದಿಟ್ಟರು. ನಾನು ಬೆವರಿಳಿಸಿ ಕಲಿಸಿದ ಆ ‘ಥ’ ಅದರಲ್ಲಿ ಇಲ್ಲವೇ ಇಲ್ಲ! ಇರುವುದು ಸ್ವರಗಳ ಹ್ರಸ್ವ-ದೀರ್ಘ, ವಾಕ್ಯದ ಮುಖ್ಯ ಪದದ ಮೇಲಿನ ಒತ್ತು, ಪದದ ಮೊದಲಿಗೆ ಬರುವ ಪ, ಟ, ಕಗಳ ಜೊತೆಗಿನ ಉಸಿರು ಮುಂತಾದವು. ‘ಶಿಪ್’, ‘ಶೀಪ್’ ಬೇರೆ ಮಾಡುವುದು ನಮಗೇನು ಕಷ್ಟ? ಒಂದನೇ ತರಗತಿಯಲ್ಲೇ ಇ, ಈ ತಿದ್ದಿದವರು. ಉಸಿರಿನದ್ದೇ ತುಸು ತೊಡಕು. ನಾವು ‘ಪಿನ್’ ಎಂದರೆ ಇಂಗ್ಲಿಷರ ಕಿವಿಗೆ ‘ಬಿನ್’ ಎಂದು ಬೀಳಬಹುದು. ಬಾಯಿ ಮುಂದೆ ಕಾಗದದ ಚೂರು ಹಿಡಿಸಿ, ‘ಫ್ಯಾನಿನ ಫ ಅಲ್ಲ, ಫಲದ ಫ, ಕಾಗದ ಅಲ್ಲಾಡಬೇಕು’ ಎನ್ನುತ್ತೇನೆ. (ಆಡುಮಾತಿನಲ್ಲಿ ಮಹಾಪ್ರಾಣ ನುಂಗುವವರೇ ಹೆಚ್ಚು, ಅದು ಬೇರೆ ಮಾತು.)

ಈಗ ಯಂತ್ರವೂ ಬಂದಿದೆ. ಫ್ರಾನ್ಸ್ ಮೂಲದ ಟೆಲಿಪರ್ಫಾರ್ಮೆನ್ಸ್ ಕಂಪನಿಯು ಭಾರತೀಯ ನೌಕರರ ಉಚ್ಚಾರವನ್ನು ಕರೆ ನಡೆಯುತ್ತಿರುವಾಗಲೇ ಬದಲಿಸುವ ಎಐ ತಂತ್ರಾಂಶ ಬಳಸುತ್ತಿರುವುದು 2025ರಲ್ಲಿ ಸುದ್ದಿಯಾಯಿತು. ಅದು ಅಮೆರಿಕದ ಸಾನಾಸ್ ತಯಾರಿಸಿದ್ದು. ಹಾಗಾದರೆ ಇನ್ನು ಎಂಟಿಐ ನೆಪ ಹೇಳಿ ಯಾರನ್ನೂ ವಾಪಸ್ ಕಳಿಸಬೇಕಿಲ್ಲ ಎನ್ನಬಹುದು. ನನಗೆ ಅಷ್ಟು ಸಮಾಧಾನವಿಲ್ಲ. ಹೊಂದಿಕೊಳ್ಳಬೇಕಾದವರು ಮಾತಾಡುವವರೇ ಹೊರತು ಕೇಳುವವರಲ್ಲ ಎಂಬುದನ್ನು ಈ ಯಂತ್ರ ಕಾಯಂ ಮಾಡುತ್ತದೆ. ಮೇಲಾಗಿ ಅದು ಫೋನಿನ ಆಚೆ ಉಪಯೋಗಕ್ಕೆ ಬಾರದು. ವಿದೇಶಕ್ಕೆ ಹೊರಟ ನರ್ಸ್ ಒಬ್ಬರು ನಮ್ಮ ಕ್ಲಾಸಿನಲ್ಲಿದ್ದಾರೆ. ಔಷಧದ ಪ್ರಮಾಣ ಹೇಳುವಾಗ ‘ಫಿಫ್ಟೀನ್’ ಹೋಗಿ ‘ಫಿಫ್ಟಿ’ ಆದರೆ ಗತಿಯೇನು? ಅವರ ‘ಯೆಗ್’ನಿಂದ ಯಾವ ರೋಗಿಗೂ ಅಪಾಯವಿಲ್ಲ.

ಆ ಹುಡುಗಿಗೆ ಸೋಮವಾರ ಇನ್ನೊಂದು ಕಡೆ ಸಂದರ್ಶನವಿದೆ. ನಿನ್ನೆ ಸಂಜೆಯೆಲ್ಲ ಅವಳೂ ನರ್ಸ್ ಅಕ್ಕನೂ ಥರ್ಟೀನ್-ಥರ್ಟಿ, ಫಿಫ್ಟೀನ್-ಫಿಫ್ಟಿ ಎಂದು ಒಬ್ಬರಿಗೊಬ್ಬರು ಹೇಳಿ ಬರೆಸಿಕೊಳ್ಳುತ್ತಿದ್ದರು. ‘ಥ’ ಬಗ್ಗೆ ನಾನು ಚಕಾರ ಎತ್ತಲಿಲ್ಲ.