ಕಾಲ್ಗುಣದ ಲೆಕ್ಕ

ಹೆಣ್ಣಿನ ಮೋಹಕ್ಕೆ ಬಿದ್ದು ಆಂಟನಿ ರಾಜ್ಯ ಕಳೆದುಕೊಂಡನಂತೆ! ಹೈಸ್ಕೂಲಿನಲ್ಲಿ ರೋಮಿನ ಪಾಠ ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರುಗಳು ನಗುತ್ತಾ ಹೇಳುತ್ತಾರೆ, ಮಕ್ಕಳು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ. ಇತಿಹಾಸ ಕಲಿಸುವ ನನಗೆ ಮೈಯೆಲ್ಲ ಉರಿಯುತ್ತದೆ. ಮಾತು ಹಾಗಿರಲಿ, ದುಡ್ಡಿನ ಲೆಕ್ಕ ನೋಡೋಣ.

ಕ್ರಿ.ಪೂ. 32-31ರಲ್ಲಿ, ಆಕ್ಟಿಯಂ ಯುದ್ಧಕ್ಕೆ ಮುಂಚೆ, ಆಂಟನಿ ಸೈನಿಕರ ಸಂಬಳಕ್ಕೆಂದು ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಅಚ್ಚು ಹಾಕಿಸಿದ. ಒಂದು ಮುಖದಲ್ಲಿ ಹಡಗು, ಅವನ ಹೆಸರು. ಇನ್ನೊಂದರಲ್ಲಿ ಹದ್ದಿನ ಲಾಂಛನ, ಪಡೆಯ ಸಂಖ್ಯೆ. ಆ ಪಡೆಗಳಿಗೆ ಅನ್ನ ಹಾಕಿದ್ದು ಯಾರು? ಕ್ಲಿಯೋಪಾತ್ರಳನ್ನು ಹೊಗಳುವ ಹಂಬಲವೇನೂ ಇಲ್ಲದ ಪ್ಲುಟಾರ್ಕನೇ ಬರೆದಿದ್ದಾನೆ: ಅವಳು 200 ಹಡಗು, 20,000 ಟ್ಯಾಲೆಂಟ್ ಹಣ, ಇಡೀ ಸೈನ್ಯಕ್ಕೆ ದವಸ ಕೊಟ್ಟಳು. ಆಂಟನಿಯ ಬೇರೊಂದು ನಾಣ್ಯದಲ್ಲಿ ಅವಳ ಮುಖವಿದೆ, ನಿಜ. ಈ ಸಂಬಳದ ನಾಣ್ಯದಲ್ಲಿ ಅವಳ ಸುಳಿವೂ ಇಲ್ಲ.

ಎದುರಾಳಿ ಆಕ್ಟೇವಿಯನ್ ಕ್ರಿ.ಪೂ. 32ರಲ್ಲಿ ಯುದ್ಧ ಸಾರಿದ್ದು ಆಂಟನಿಯ ಮೇಲಲ್ಲ, ಅವಳ ಮೇಲೆ. ರೋಮನ್ನರೇ ರೋಮನ್ನರ ಮೇಲೆ ಕತ್ತಿ ಎತ್ತಿದರೆಂಬ ಅಪವಾದ ಅವನಿಗೆ ಬೇಡವಾಗಿತ್ತು. ಪರದೇಶದ ಹೆಂಗಸು ಸಿಕ್ಕಿದಳು.

ಸೋತದ್ದಾದರೂ ಹೇಗೆ? ಅಗ್ರಿಪ್ಪ ಸಮುದ್ರದ ದಾರಿ ಕಟ್ಟಿ ದವಸ ತಡೆದ. ಹಸಿವು, ರೋಗ ಪಾಳೆಯಕ್ಕೆ ನುಗ್ಗಿದವು. ಎಷ್ಟೋ ಜನ ಮೊದಲೇ ಪಕ್ಷ ಬದಲಿಸಿದರು. ದಡದಲ್ಲಿ ಉಳಿದ ಪಡೆಗಳೂ ಕೆಲವು ದಿನ ಕಾದು ಆಕ್ಟೇವಿಯನ್ ಕಡೆ ಸೇರಿದವು. ಸಂಬಳ ಎಣಿಸಿಕೊಂಡ ಗಂಡಸರನ್ನು ಬಿಟ್ಟು ಸಂಬಳಕ್ಕೆ ಹಣ ಕೊಟ್ಟವಳನ್ನು ದೂರುವುದು ಯಾವ ನ್ಯಾಯ?

ಯುದ್ಧದ ನಡುವೆಯೇ ಅವಳ ಹಡಗುಗಳು ಹೊರಟವಲ್ಲ ಎನ್ನುತ್ತೀರಿ. ಹೊರಟವು. ಸೈನ್ಯ ಬಿಟ್ಟು ಹಿಂದೆ ಓಡಿದವನು ಸೇನಾಪತಿ. ಓಡಿದ ಕಾಲು ಅವನದು, ದೂರು ಮಾತ್ರ ಅವಳ ಕಾಲ್ಗುಣಕ್ಕೆ!

ಆ ನಾಣ್ಯದಲ್ಲಿ ಬೆಳ್ಳಿ ಕಡಿಮೆ, ಬೆರಕೆ ಹೆಚ್ಚು. ಅದಕ್ಕೇ ಜನ ಒಳ್ಳೆಯ ಬೆಳ್ಳಿಯನ್ನು ಎತ್ತಿಟ್ಟುಕೊಂಡು ಇದನ್ನು ದಾಟಿಸುತ್ತಾ ಹೋದರು. ಸವೆದು ಸವೆದು ಇನ್ನೂರು ವರ್ಷ ಅದು ಕೈಯಿಂದ ಕೈಗೆ ನಡೆಯಿತು. ಕ್ಲಿಯೋಪಾತ್ರಳ ಮೇಲಿನ ಬೆರಕೆ ಮಾತಿಗೆ ಎರಡು ಸಾವಿರ ವರ್ಷವಾದರೂ ಸವಕಳಿಯಿಲ್ಲ.

ನಮ್ಮ ಊರುಗಳಲ್ಲೂ ಅದು ಚಲಾವಣೆಯಲ್ಲಿದೆ. ಹೆಂಡತಿಯ ಬಳೆ ಅಡವಿಟ್ಟು ಅಂಗಡಿ ತೆರೆಯುತ್ತಾರೆ. ನಡೆದರೆ ಗಂಡನ ಬುದ್ಧಿವಂತಿಕೆ, ಮುಳುಗಿದರೆ ಹೆಂಡತಿಯ ಕಾಲ್ಗುಣ. ತಾಯಂದಿರೇ, ಇನ್ನೊಮ್ಮೆ ಯಾರಾದರೂ ಆ ಮಾತೆತ್ತಿದರೆ ಸುಮ್ಮನಿರಬೇಡಿ. ಅಡವಿಟ್ಟ ಬಳೆ ಯಾರದೆಂದು ಕೇಳಿ.